ಪಾಲಿಥೀನ್ ಸರಪಳಿಯ ತುದಿಗೊಂದು ಹಿಡಿಕೆ

ಕೂಡ್ಲಿಗಿ: ಕೊಳವೆಬಾವಿಯಿಂದ ಹೊಲಕ್ಕೆ ನೀರು ತರುವ ಪಿವಿಸಿ ಪೈಪು ಒಡೆದರೆ ರೈತರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಗಡಿಯಿಂದ ಒಂದು ಡಬ್ಬಿ ಸಲ್ಯೂಷನ್ ತಂದು ಹಚ್ಚಿ, ಜೋಡಿಸಿ ಒತ್ತಿ ಹಿಡಿದರೆ ಕೆಲಸ ಮುಗಿಯಿತು. ಆದರೆ ಅದೇ ಹೊಲದಲ್ಲಿ ಸಾಲುಸಾಲಾಗಿ ಹರಡಿರುವ ಹನಿ ನೀರಾವರಿಯ ಕಪ್ಪು ಪೈಪನ್ನು ಇಲಿಯೋ ಅಳಿಲೋ ಕಡಿದು ತೂತು ಮಾಡಿದರೆ ಈ ಸಲ್ಯೂಷನ್‌ನ ಆಟ ನಡೆಯುವುದಿಲ್ಲ. ಹಚ್ಚಿದ ಅಂಟು ಒಣಗಿ, ಬಾಳೆಲೆಯ ಮೇಲಿನ ನೀರಿನಂತೆ ಜಾರಿ ಸಿಪ್ಪೆಯಾಗಿ ಎದ್ದು ಬರುತ್ತದೆ. ತೂತಾದ ಭಾಗವನ್ನು ಕತ್ತರಿಸಿ ಎಸೆದು, ನಡುವೆ ಜಾಯಿನರ್ ಸಿಕ್ಕಿಸುವುದೊಂದೇ ದಾರಿ. ಇನ್ನೂ ದೊಡ್ಡ ಎಚ್‌ಡಿಪಿಇ ಪೈಪುಗಳಾದರೆ ಎರಡೂ ತುದಿಗಳನ್ನು ಕಾಯಿಸಿ ಕರಗಿಸಿಯೇ ಬೆಸೆಯಬೇಕು.

ಒಂದು ಪೈಪು ಅಂಟಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ಜಗತ್ತಿನ ಪಾಲಿಮರ್ ರಸಾಯನ ವಿಜ್ಞಾನಿಗಳು ದಶಕಗಳಿಂದ ತಲೆ ಹಾಕಿರುವ ಒಂದು ಸಮಸ್ಯೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅದು ಪಾಲಿಥೀನ್ ಸರಪಳಿಯ ತುದಿಗೆ ಕ್ರಿಯಾಗುಂಪು ಜೋಡಿಸುವ ಸಮಸ್ಯೆ.

ಐದು ತಾಲ್ಲೂಕು, ಒಂದೇ ಪ್ಲಾಸ್ಟಿಕ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದೇ. ಹಡಗಲಿ ಮತ್ತು ಹರಪನಹಳ್ಳಿಯ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿಗಳನ್ನೂ ಮುಟ್ಟುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಪಾಲಿಗೆ ಮಾತ್ರ ಮಳೆ, ಕೆರೆ ಮತ್ತು ಕೊಳವೆಬಾವಿಗಳೇ ಗತಿ. ನೀರು ಕಡಿಮೆಯಿರುವ ಕಡೆ ಪಾಲಿಥೀನ್ ಹೆಚ್ಚು ಎಂಬುದು ಮೊದಲಿಗೆ ವಿಚಿತ್ರವೆನಿಸಿದರೂ ನಿಜ. ಹನಿ ನೀರಾವರಿಯ ಲ್ಯಾಟರಲ್ ಪೈಪು ಪಾಲಿಥೀನ್. ಕಲ್ಲಂಗಡಿ, ಮೆಣಸಿನಕಾಯಿ ಸಾಲುಗಳ ಮೇಲೆ ತೇವ ಆರದಂತೆ ಹೊದಿಸುವ ಬೆಳ್ಳಿ-ಕಪ್ಪು ಬಣ್ಣದ ಮಲ್ಚಿಂಗ್ ಶೀಟು ಪಾಲಿಥೀನ್. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಕೃಷಿ ಹೊಂಡಗಳಲ್ಲಿ ನೀರು ಇಂಗಿಹೋಗದಂತೆ ಹಾಸಿದ ಹೊದಿಕೆ ಪಾಲಿಥೀನ್. ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕು ಸಹ ಅದೇ. ಹಡಗಲಿಯಿಂದ ಮಲ್ಲಿಗೆ ಹೊತ್ತು ಬರುವ ಚೀಲವೂ, ಕೊಟ್ಟೂರಿನ ಮಂಡಕ್ಕಿ ಕಟ್ಟಿಕೊಡುವ ಕವರೂ ಬಹುತೇಕ ಅದೇ ಕುಲದವು.

ನೀರನ್ನು ಹೀರದು, ಕೊಳೆಯದು, ಗೊಬ್ಬರದ ಉಪ್ಪಿಗೂ ಆಮ್ಲಕ್ಕೂ ಜಗ್ಗದು. ಈ ಗುಣಗಳಿಗಾಗಿಯೇ ರೈತ ಅದನ್ನು ಕೊಳ್ಳುತ್ತಾನೆ. ಅಂಟಿಗೂ ಬಣ್ಣಕ್ಕೂ ಅದು ಜಗ್ಗದಿರುವುದು, ಬೇಡವಾದ ಮೇಲೆ ಮಣ್ಣಿಗೂ ಸೇರದಿರುವುದು ಅದೇ ಗುಣದ ಇನ್ನೊಂದು ಮುಖ.

ಮಲ್ಲಿಗೆ ದಂಡೆಯ ಲೆಕ್ಕ

ಪಾಲಿಥೀನ್ ಎಂದರೆ ಎಥಿಲೀನ್ ಎಂಬ ಅನಿಲದ ಅಣುಗಳು ಒಂದರ ಹಿಂದೊಂದು ಕೈಹಿಡಿದು ನಿಂತ ಸರಪಳಿ. ಎಥಿಲೀನ್‌ನಲ್ಲಿ ಎರಡು ಇಂಗಾಲ, ನಾಲ್ಕು ಜಲಜನಕದ ಪರಮಾಣುಗಳಿವೆ. ಅದರ ಅಣುತೂಕ 28. ಅಣುತೂಕ ಒಂದು ಲಕ್ಷವಿರುವ ಸರಪಳಿಯೊಂದನ್ನು ತೆಗೆದುಕೊಂಡರೆ ಅದರಲ್ಲಿ ಸುಮಾರು 3,570 ಎಥಿಲೀನ್‌ಗಳು, ಅಂದರೆ 7,140ರಷ್ಟು ಇಂಗಾಲದ ಪರಮಾಣುಗಳು ಇರುತ್ತವೆ. ಪೂರ್ತಿ ನೇರವಾಗಿ ಎಳೆದು ಹಿಡಿದರೂ ಅದರ ಉದ್ದ ಒಂದು ಮೈಕ್ರಾನ್ ದಾಟದು. ಮಲ್ಚಿಂಗ್ ಶೀಟಿನ ದಪ್ಪವೇ ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್.

ಹಡಗಲಿಯ ಮಲ್ಲಿಗೆ ದಂಡೆಯನ್ನು ನೆನಪಿಗೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದಿರುವ ಆ ಮಲ್ಲಿಗೆಯ ದಂಡೆಯಲ್ಲಿ ಮೊಳಗಟ್ಟಲೆ ಉದ್ದಕ್ಕೂ ಒಂದೇ ಬಗೆಯ ಹೂವು. ಮುಡಿಗೆ ಕಟ್ಟಬೇಕೆಂದರೆ ಹಿಡಿಯುವುದು ಹೂವನ್ನಲ್ಲ, ಕೊನೆಯಲ್ಲಿ ಬಿಟ್ಟಿರುವ ದಾರದ ತುದಿಯನ್ನು. ಪಾಲಿಥೀನ್ ಸರಪಳಿಯ ತೊಂದರೆಯೆಂದರೆ ಅದರ ತುದಿಯಲ್ಲಿ ದಾರವೇ ಇಲ್ಲ. ನಡುವೆ ಇರುವಂತೆಯೇ ತುದಿಯಲ್ಲೂ ಇಂಗಾಲ ಮತ್ತು ಜಲಜನಕ, ಅಷ್ಟೆ. ಈ ಎರಡು ಪರಮಾಣುಗಳ ನಡುವಿನ ಬಂಧ ಬಹಳ ಗಟ್ಟಿ. ಅದರಲ್ಲಿ ಧನ-ಋಣ ವಿದ್ಯುದಂಶಗಳ ಎಳೆದಾಟವೂ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಅಂಟಾಗಲಿ, ಶಾಯಿಯಾಗಲಿ, ನೀರಾಗಲಿ ಹಿಡಿದುಕೊಳ್ಳಲು ಜಾಗ ಸಿಗುವುದಿಲ್ಲ. ಪಿವಿಸಿಯಲ್ಲಿ ಹಾಗಲ್ಲ. ಅದರ ಸರಪಳಿಯ ಉದ್ದಕ್ಕೂ ಕ್ಲೋರಿನ್ ಪರಮಾಣುಗಳಿವೆ. ಸಲ್ಯೂಷನ್‌ನಲ್ಲಿರುವ ದ್ರಾವಕಗಳು ಅದರ ಮೇಲ್ಮೈಯನ್ನು ಮೆದುವಾಗಿಸಿ ಎರಡೂ ತುಂಡುಗಳ ಸರಪಳಿಗಳು ಪರಸ್ಪರ ಹೆಣೆದುಕೊಳ್ಳುವಂತೆ ಮಾಡುತ್ತವೆ.

ಆಮ್ಲಜನಕ, ಸಾರಜನಕ, ಅಯೋಡಿನ್ ಮುಂತಾದವನ್ನೊಳಗೊಂಡು, ಬೇರೆ ಅಣುಗಳೊಡನೆ ವರ್ತಿಸಬಲ್ಲ ಪುಟ್ಟ ಪರಮಾಣು ಸಮೂಹಕ್ಕೆ ರಸಾಯನ ಶಾಸ್ತ್ರದಲ್ಲಿ ಕ್ರಿಯಾಗುಂಪು ಎಂದು ಹೆಸರು. ಮದ್ಯಸಾರದಲ್ಲಿರುವ ಹೈಡ್ರಾಕ್ಸಿಲ್, ವಿನೆಗರ್‌ನಲ್ಲಿರುವ ಕಾರ್ಬಾಕ್ಸಿಲ್ ಇದಕ್ಕೆ ಉದಾಹರಣೆಗಳು. ಇಂತಹ ಒಂದು ಗುಂಪನ್ನು ಪಾಲಿಥೀನ್ ಸರಪಳಿಯ ತುದಿಗೆ ಸಿಕ್ಕಿಸಿದರೆ ಅದಕ್ಕೊಂದು ಹಿಡಿಕೆ ಬಂದಂತೆ. ಆ ಹಿಡಿಕೆಯನ್ನು ಹಿಡಿದು ಅದನ್ನು ಇನ್ನೊಂದು ಪ್ಲಾಸ್ಟಿಕ್‌ಗೆ, ಲೋಹಕ್ಕೆ, ಶಾಯಿಯ ಕಣಕ್ಕೆ ಕಟ್ಟಬಹುದು.

ನಡುವೆ ಅಲ್ಲಲ್ಲಿ ಸಿಕ್ಕಿಸಿದರಾಗದೇ ಎಂಬ ಪ್ರಶ್ನೆ ಸಹಜ. ಆಗುತ್ತದೆ, ಕೈಗಾರಿಕೆಗಳು ಅದನ್ನು ಮಾಡುತ್ತಲೂ ಇವೆ. ಮ್ಯಾಲಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಪಾಲಿಥೀನ್‌ನೊಂದಿಗೆ ಕರಗಿಸಿ ಕಸಿ ಮಾಡಿದ ವಸ್ತು, ನೈಲಾನ್ ಮತ್ತು ಪಾಲಿಥೀನ್ ಪದರಗಳಿರುವ ಆಹಾರ ಪೊಟ್ಟಣಗಳಲ್ಲಿ ಅವೆರಡನ್ನೂ ಹಿಡಿದಿಡುವ ನಡುಪದರವಾಗಿ ಕೆಲಸ ಮಾಡುತ್ತದೆ. ಹಾಲಿನ ಪ್ಯಾಕೆಟ್ಟಿನ ಹಾಳೆಯ ಮೇಲೆ ಹೆಸರು, ದಿನಾಂಕ ಅಳಿಸದೆ ಉಳಿಯುವುದು ಸಹ ಮುದ್ರಣಕ್ಕೆ ಮುನ್ನ ಹಾಳೆಯ ಮೈಮೇಲೆ ವಿದ್ಯುತ್ ಕಿಡಿ ಹಾಯಿಸಿ ಆಮ್ಲಜನಕದ ಗುಂಪುಗಳನ್ನು ಮೂಡಿಸುವುದರಿಂದ. ಆದರೆ ಇವೆರಡೂ ಒರಟು ವಿಧಾನಗಳು. ಗುಂಪು ಎಲ್ಲಿ ಕೂರುತ್ತದೆ, ಎಷ್ಟು ಕೂರುತ್ತದೆ ಎಂಬುದರ ಮೇಲೆ ಪೂರ್ಣ ಹಿಡಿತವಿಲ್ಲ. ಈ ಗದ್ದಲದಲ್ಲಿ ಕೆಲವು ಸರಪಳಿಗಳು ತುಂಡಾಗುತ್ತವೆ, ಕೆಲವು ಒಂದಕ್ಕೊಂದು ಗಂಟು ಬೀಳುತ್ತವೆ. ತುದಿಗೆ ಮಾತ್ರ ಗುಂಪು ಜೋಡಿಸಿದರೆ ಸರಪಳಿಯ ಮೈ ಹಾಗೆಯೇ ಉಳಿಯುತ್ತದೆ. ಸ್ಫಟಿಕದಂತೆ ಒತ್ತಾಗಿ ಮಡಿಚಿಕೊಳ್ಳುವ ಗುಣ, ಬಲ, ನೀರು ಹೀರದ ಸ್ವಭಾವ ಯಾವುದೂ ಕೆಡುವುದಿಲ್ಲ.

ಕಷ್ಟವಿರುವುದು ಪ್ರಮಾಣದಲ್ಲಿ. ಮೇಲೆ ಹೇಳಿದ ಒಂದು ಲಕ್ಷ ಅಣುತೂಕದ ಪಾಲಿಥೀನ್ 100 ಕಿಲೋ ಇದೆ ಎನ್ನೋಣ. ಪ್ರತಿ ಸರಪಳಿಯ ಎರಡೂ ತುದಿಗೆ ಒಂದೊಂದು ಹೈಡ್ರಾಕ್ಸಿಲ್ ಗುಂಪು ಕೂರಿಸಿದರೂ ಆ 100 ಕಿಲೋದಲ್ಲಿ ಸೇರುವ ಗುಂಪಿನ ಒಟ್ಟು ತೂಕ 34 ಗ್ರಾಂ ಮಾತ್ರ. ಸಾರಿಗೆ ಹಾಕುವ ಉಪ್ಪಿಗಿಂತಲೂ ಎಷ್ಟೋ ಕಡಿಮೆ. ಸರಪಳಿಯ ಅಣುತೂಕವನ್ನು ಎರಡು ಸಾವಿರಕ್ಕೆ ಇಳಿಸಿದರೆ ಅದೇ ಲೆಕ್ಕ 1.7 ಕಿಲೋ ಆಗುತ್ತದೆ. ತುದಿಗಳ ರಸಾಯನ ವಿಜ್ಞಾನ ಹೆಚ್ಚಾಗಿ ಮೇಣದಂತಹ ಕಿರು ಸರಪಳಿಗಳ ಸುತ್ತ ಬೆಳೆದಿರುವುದಕ್ಕೆ ಇದೇ ಕಾರಣ.

ಸೋಪಿನ ಪುಡಿಯಿಂದ ಬಂದ ದಾರಿ

ಪಾಲಿಥೀನ್ ಹುಟ್ಟಿದ್ದೇ ಒಂದು ವಿಫಲ ಪ್ರಯೋಗದಿಂದ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪೆನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡ್ ಎಂಬ ದ್ರವದೊಂದಿಗೆ ಭಾರೀ ಒತ್ತಡದಲ್ಲಿ ಕೂಡಿಸಲು ಹೊರಟಿದ್ದರು. ಬೆಂಜಾಲ್ಡಿಹೈಡ್ ಹಾಗೆಯೇ ಉಳಿದು, ಪಾತ್ರೆಯಲ್ಲಿ ಬಿಳಿಯ ಮೇಣದಂತಹ ವಸ್ತು ಸಿಕ್ಕಿತು. ಎಥಿಲೀನ್‌ಗೆ ಆಮ್ಲಜನಕವಿರುವ ಗುಂಪನ್ನು ಜೋಡಿಸಲು ಹೋದವರಿಗೆ ಅಂತಹ ಗುಂಪೇ ಇಲ್ಲದ ವಸ್ತು ದೊರೆತದ್ದು ವಿನೋದವೆಂದೇ ಹೇಳಬೇಕು.

ತುದಿಯ ಕಥೆ ಶುರುವಾಗುವುದು ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಂದ. ಮ್ಯೂಲ್‌ಹೈಮ್ ನಗರದ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು, ಅಲ್ಯೂಮಿನಿಯಂ ಪರಮಾಣುವಿಗೆ ಅಂಟಿಕೊಂಡ ಪುಟ್ಟ ಇಂಗಾಲದ ಸರಪಳಿಯೊಳಕ್ಕೆ ಎಥಿಲೀನ್ ಅಣುಗಳು ಒಂದೊಂದಾಗಿ ನುಗ್ಗಿ ಅದನ್ನು ಉದ್ದಗೊಳಿಸುತ್ತವೆ ಎಂಬುದನ್ನು ಕಂಡುಕೊಂಡರು. ಸರಪಳಿ ಬೆಳೆಯುವಷ್ಟು ಹೊತ್ತೂ ಅದರ ಒಂದು ತುದಿ ಅಲ್ಯೂಮಿನಿಯಂನ ಕೈಯಲ್ಲಿಯೇ ಇರುತ್ತದೆ. ಈ ಹಂತದಲ್ಲಿ ಗಾಳಿ ಹಾಯಿಸಿದರೆ ಲೋಹ ಮತ್ತು ಇಂಗಾಲದ ನಡುವೆ ಆಮ್ಲಜನಕ ಸೇರಿಕೊಳ್ಳುತ್ತದೆ. ಬಳಿಕ ನೀರು ಬೆರೆಸಿದರೆ ಲೋಹ ಕಳಚಿ, ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪುಳ್ಳ ಉದ್ದನೆಯ ಆಲ್ಕೋಹಾಲ್ ಉಳಿಯುತ್ತದೆ. 1960ರ ದಶಕದಿಂದ ಇದೇ ಸೂತ್ರದ ಮೇಲೆ ಕಾರ್ಖಾನೆಗಳು ನಡೆದವು. ಬಟ್ಟೆ ತೊಳೆಯುವ ಪುಡಿಗೆ ಬೇಕಾದ ಕಚ್ಚಾವಸ್ತು ಅಲ್ಲಿಂದ ಬಂತು. ಇದೇ ಅಲ್ಯೂಮಿನಿಯಂ ಸಂಶೋಧನೆಯ ಕವಲೊಂದು 1953ರಲ್ಲಿ ಕಡಿಮೆ ಒತ್ತಡದಲ್ಲಿ ಪಾಲಿಥೀನ್ ತಯಾರಿಸುವ ವಿಧಾನಕ್ಕೆ ದಾರಿ ಮಾಡಿಕೊಟ್ಟು, 1963ರಲ್ಲಿ ಝೀಗ್ಲರ್ ಅವರಿಗೆ ಇಟಲಿಯ ಜೂಲಿಯೊ ನಟ್ಟಾ ಅವರೊಂದಿಗೆ ನೊಬೆಲ್ ಪ್ರಶಸ್ತಿ ತಂದಿತು.

ಇಂದಿನ ಪ್ರಯೋಗಾಲಯಗಳು ಹಿಡಿದಿರುವುದು ಬಹುಮಟ್ಟಿಗೆ ಅದೇ ಜಾಡನ್ನು. ಫ್ರಾನ್ಸಿನ ಲಿಯಾನ್‌ನಲ್ಲಿ ಕ್ರಿಸ್ತಾಫ್ ಬ್ವಾಸೋ, ಫ್ರಾಂಕ್ ದಗೋಸ್ತೊ ಅವರ ತಂಡ ನಿಯೋಡೈಮಿಯಂ ಲೋಹದ ಕ್ರಿಯಾವರ್ಧಕವನ್ನೂ ಮೆಗ್ನೀಸಿಯಂ ಸಂಯುಕ್ತವನ್ನೂ ಒಟ್ಟಿಗೆ ಬಳಸುತ್ತದೆ. ಬೆಳೆಯುತ್ತಿರುವ ಸರಪಳಿಗಳು ನಿಯೋಡೈಮಿಯಂ ಮತ್ತು ಮೆಗ್ನೀಸಿಯಂ ನಡುವೆ ಸರದಿಯಂತೆ ಓಡಾಡುತ್ತಾ, ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆದು, ಕೊನೆಗೆ ಮೆಗ್ನೀಸಿಯಂನ ಬಳಿ ತಂಗುತ್ತವೆ. ಆಗ ಅಯೋಡಿನ್ ಹಾಕಿದರೆ ತುದಿಯಲ್ಲಿ ಅಯೋಡಿನ್. ಅದನ್ನು ಮುಂದೆ ಅಮೈನ್, ಥಯೋಲ್ ಎಂದು ಬೇಕಾದ ಗುಂಪಾಗಿ ಬದಲಿಸಿಕೊಳ್ಳಬಹುದು. ಮಗ್ಗದಿಂದ ಬಟ್ಟೆ ಇಳಿಸುವ ಮುನ್ನ ಅಂಚು ನೇಯುವ ಹಾಗೆ, ಲೋಹ ಕೈಬಿಡುವ ಮುನ್ನ ತುದಿಯ ಕೆಲಸ ಮುಗಿಸಿಬಿಡುವುದು ಇದರ ಮರ್ಮ.

ಎರಡನೆಯ ದಾರಿ ಲೋಹ ಕೈಬಿಟ್ಟ ಮೇಲಿನದು. ಹಲವು ಕ್ರಿಯಾವರ್ಧಕಗಳು ಸರಪಳಿಯನ್ನು ಬಿಡುವಾಗ ತುದಿಯಲ್ಲಿ ಒಂದು ಜೋಡಿಬಂಧವನ್ನು ಉಳಿಸಿ ಹೋಗುತ್ತವೆ. ಇಡೀ ಸರಪಳಿಯಲ್ಲಿ ಸ್ವಲ್ಪವಾದರೂ ಚುರುಕಾದ ಜಾಗ ಅದೊಂದೇ. ಆ ಜೋಡಿಬಂಧದ ಮೇಲೆ ಎಪಾಕ್ಸೈಡ್, ಹೈಡ್ರಾಕ್ಸಿಲ್, ಅನ್‌ಹೈಡ್ರೈಡ್ ಗುಂಪುಗಳನ್ನು ಕಟ್ಟಬಹುದು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಈ ಕ್ಷೇತ್ರದ ಹಳೆಯ ಹೆಸರು. ಅದರ ನಿರ್ದೇಶಕರಾಗಿದ್ದ ಎಸ್. ಶಿವರಾಂ ಪಾಲಿಯೊಲಿಫಿನ್‌ಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದವರು. ಎಥಿಲೀನ್ ಸರಪಳಿಯೊಳಗೆ ಆಮ್ಲಜನಕ, ಸಾರಜನಕವಿರುವ ಅಣುಗಳನ್ನು ಸೇರಿಸುವ ಕ್ರಿಯಾವರ್ಧಕಗಳ ಸಂಶೋಧನೆಯನ್ನು ಅದೇ ಸಂಸ್ಥೆಯ ಸಮೀರ್ ಚಿಕ್ಕಳಿ ಅವರ ತಂಡ ನಡೆಸಿದೆ.

ಬಿಸಿಲು ಮಾಡುವ ಕೆಲಸ

ಇಷ್ಟೆಲ್ಲ ಸಾಹಸದಿಂದ ಪ್ರಯೋಗಾಲಯದಲ್ಲಿ ಸಾಧಿಸುವ ಕಾರ್ಯವನ್ನು ಕೂಡ್ಲಿಗಿಯ ಬಿಸಿಲು ಯಾರೂ ಕೇಳದೆಯೇ ಮಾಡುತ್ತದೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಎರಡು ಬೇಸಿಗೆ ಕಂಡ ಮಲ್ಚಿಂಗ್ ಶೀಟನ್ನು ಎತ್ತಲು ಹೋದರೆ ಹಪ್ಪಳದಂತೆ ಪುಡಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಸರಪಳಿಗಳ ತುದಿಗೆ ಕ್ರಿಯಾಗುಂಪು ಸೇರಿರುವುದರ ಗುರುತು.

ಶುದ್ಧ ಪಾಲಿಥೀನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುವುದಿಲ್ಲ. ಆದರೆ ಕಾರ್ಖಾನೆಯಿಂದ ಹೊರಬರುವ ಯಾವ ಪಾಲಿಥೀನ್ ಸಹ ಅಷ್ಟು ಶುದ್ಧವಲ್ಲ. ಕ್ರಿಯಾವರ್ಧಕದ ಶೇಷ, ಕರಗಿಸಿ ಎಳೆಯುವಾಗ ಸೇರಿದ ಅಲ್ಪಸ್ವಲ್ಪ ಆಮ್ಲಜನಕದ ಗುಂಪುಗಳು ಅದರಲ್ಲಿ ಇದ್ದೇ ಇರುತ್ತವೆ. ಬೆಳಕನ್ನು ಹೀರುವವು ಇವೇ. ಅಲ್ಲಿಂದ ಹೊರಟ ಸರಣಿ ಕ್ರಿಯೆ ಗಾಳಿಯ ಆಮ್ಲಜನಕವನ್ನು ಸರಪಳಿಯೊಳಗೆ ಎಳೆದುಕೊಂಡು ಮೊದಲು ಪೆರಾಕ್ಸೈಡ್, ನಂತರ ಕೀಟೋನ್ ಗುಂಪುಗಳನ್ನು ಮೂಡಿಸುತ್ತದೆ. ಕೀಟೋನ್ ಇರುವೆಡೆ ಮತ್ತೆ ಬೆಳಕು ಬಿದ್ದಾಗ ಸರಪಳಿ ಅಲ್ಲಿಯೇ ಕಡಿದುಹೋಗುತ್ತದೆ. ಕಡಿದ ತುದಿಗಳಲ್ಲಿ ಒಂದರಲ್ಲಿ ಕೀಟೋನ್ ಅಥವಾ ಆಮ್ಲದ ಗುಂಪು, ಇನ್ನೊಂದರಲ್ಲಿ ಹಲವು ಸಲ ಜೋಡಿಬಂಧ ಉಳಿಯುತ್ತದೆ. ರಸಾಯನ ವಿಜ್ಞಾನಿ ತುದಿಗೆ ಕೂರಿಸಲು ಹೆಣಗಾಡುವ ಗುಂಪುಗಳೇ ಇವು. ಬಿಸಿಲಿಗೆ ಮಾತ್ರ ಲೆಕ್ಕವಿಲ್ಲ, ಆಯ್ಕೆಯಿಲ್ಲ.

ಇಲ್ಲೊಂದು ಗಣಿತವನ್ನು ಗಮನಿಸಬೇಕು. ಏಳು ಸಾವಿರ ಬಂಧಗಳಿರುವ ಸರಪಳಿಯಲ್ಲಿ ಸರಾಸರಿ ಒಂದು ಬಂಧ ಕಡಿದರೂ ಸಾಕು, ಅಣುತೂಕ ಅರ್ಧಕ್ಕೆ ಇಳಿಯುತ್ತದೆ. ಸ್ಫಟಿಕದಂತಹ ಒತ್ತಾದ ಭಾಗಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವ ಎಳೆಗಳೇ ಮೊದಲು ಬಲಿಯಾಗುವುದರಿಂದ, ನೋಡಲು ಹೊಸದರಂತಿರುವ ಹಾಳೆ ಮುಟ್ಟಿದರೆ ಸೀಳುತ್ತದೆ. ತೂಕದಲ್ಲಿ ಏನೂ ಕಡಿಮೆಯಾಗಿರುವುದಿಲ್ಲ. ಮಣ್ಣಿನಲ್ಲಿ ಕರಗಿತು ಎಂದು ಭಾವಿಸುವುದು ತಪ್ಪು. ಕಣ್ಣಿಗೆ ಕಾಣದಷ್ಟು ಚೂರಾಗಿದೆ, ಅಷ್ಟೆ.

ಹನಿ ನೀರಾವರಿ ಪೈಪು ಕಪ್ಪಗಿರುವುದು ಅಂದಕ್ಕಲ್ಲ. ಶೇ 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ನುಣುಪಾದ ಮಸಿಯನ್ನು ಅದರಲ್ಲಿ ಬೆರೆಸಿರುತ್ತಾರೆ. ಮಸಿಯ ಕಣಗಳು ಅತಿನೇರಳೆ ಕಿರಣವನ್ನು ತಾವೇ ನುಂಗಿ ಸರಪಳಿಯನ್ನು ಕಾಯುತ್ತವೆ. ಲ್ಯಾಟರಲ್ ಪೈಪಿಗೆ ಐಎಸ್ 12786, ಒಳಗೇ ಡ್ರಿಪ್ಪರ್ ಇರುವ ಪೈಪಿಗೆ ಐಎಸ್ 13488 ಎಂಬ ಭಾರತೀಯ ಮಾನಕಗಳಿವೆ. ಪೈಪಿನ ಮೈಮೇಲೆ ಆ ಸಂಖ್ಯೆ ಅಚ್ಚಾಗಿದೆಯೇ ಎಂದು ಕೊಳ್ಳುವಾಗ ನೋಡಿಕೊಳ್ಳುವುದು ಒಳಿತು. ಗುಜರಿ ಪ್ಲಾಸ್ಟಿಕ್ ಕರಗಿಸಿ ಎಳೆದ ಅಗ್ಗದ ಪೈಪೂ ಕಪ್ಪಗೇ ಇರುತ್ತದೆ. ಆದರೆ ಹಿಂದಿನ ಜನ್ಮದ ಬಿಸಿಲು ಮೂಡಿಸಿದ ಕೀಟೋನ್ ಗುಂಪುಗಳು ಅದರೊಳಗೆ ಹಾಗೆಯೇ ಕುಳಿತಿರುತ್ತವೆ. ಹೊಸ ಬಿಸಿಲಿಗೆ ಅವೇ ಬಾಗಿಲು ತೆರೆಯುವುದರಿಂದ ಅಂತಹ ಪೈಪು ಬೇಗ ಬಿರುಕು ಬಿಡುತ್ತದೆ.

ಬೇಗ ಕರಗುವ ಚೀಲ ಎಂಬ ಹೆಸರಿನಲ್ಲಿ ಕೆಲವು ವರ್ಷಗಳ ಹಿಂದೆ ಮಾರುಕಟ್ಟೆಗೆ ಬಂದ ಆಕ್ಸೊ ಪ್ಲಾಸ್ಟಿಕ್ ಇದೇ ಕ್ರಿಯೆಯನ್ನು ವ್ಯಾಪಾರ ಮಾಡಿಕೊಂಡಿತು. ಅದರಲ್ಲಿ ಲೋಹದ ಲವಣ ಬೆರೆಸಿ ಸರಪಳಿ ಬೇಗ ಕಡಿಯುವಂತೆ ಮಾಡಲಾಗುತ್ತದೆ. ಚೂರುಗಳನ್ನು ಸೂಕ್ಷ್ಮಜೀವಿಗಳು ಪೂರ್ತಿ ತಿಂದು ಮುಗಿಸುತ್ತವೆಯೇ ಎಂಬುದೇ ತಕರಾರು. ಅದು ಸಾಬೀತಾಗಲಿಲ್ಲವೆಂದು ಐರೋಪ್ಯ ಒಕ್ಕೂಟ 2019ರ ನಿರ್ದೇಶನದ ಮೂಲಕ ಇಂತಹ ವಸ್ತುಗಳನ್ನು ನಿಷೇಧಿಸಿತು. 2021ರ ಜುಲೈನಿಂದ ಅದು ಜಾರಿಯಲ್ಲಿದೆ.

ಬಿಚ್ಚಬಹುದಾದ ಸರಪಳಿ

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ಬ್ಯಾನರ್, ತಟ್ಟೆ ಮುಂತಾದವನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂತು. ಹೊಲದ ಪ್ಲಾಸ್ಟಿಕ್ ಇವೆರಡರ ಕೈಗೂ ಸಿಗುವಂಥದ್ದಲ್ಲ, ಸಿಗಬೇಕೆಂದೂ ಹೇಳಲಾಗದು. ಹನಿ ನೀರಾವರಿಯಿಲ್ಲದೆ ಈ ಭಾಗದ ದಾಳಿಂಬೆ ತೋಟಗಳನ್ನು ಊಹಿಸುವುದೇ ಕಷ್ಟ. ಹಾಗಾಗಿ ಬಳಸಿದ ಮೇಲೆ ಅದನ್ನು ಏನು ಮಾಡುವುದೆಂಬುದು ನಿಜವಾದ ಪ್ರಶ್ನೆ.

ಬೆಂಗಳೂರು ಈ ಶತಮಾನದ ಆರಂಭದಲ್ಲಿಯೇ ಪ್ಲಾಸ್ಟಿಕ್ ಚೂರನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡಿ ತೋರಿಸಿತು. ಮಧುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಬಿಸಿ ಜಲ್ಲಿಗೆ ಪ್ಲಾಸ್ಟಿಕ್ ಲೇಪಿಸುವ ವಿಧಾನಕ್ಕೆ ಹೆಸರಾಗಿ 2018ರಲ್ಲಿ ಪದ್ಮಶ್ರೀ ಪಡೆದರು. ಉಪಯುಕ್ತ ಕೆಲಸವೇ ಸರಿ. ಆದರೆ ರಸ್ತೆಗೆ ಹೋದ ಪಾಲಿಥೀನ್ ಮತ್ತೆ ಪೈಪಾಗಿ ಹಿಂತಿರುಗುವುದಿಲ್ಲ. ಹಿಂತಿರುಗಬೇಕಾದರೆ ಸರಪಳಿಯನ್ನು ಬೇಕೆಂದಾಗ ಬಿಚ್ಚುವಂತಿರಬೇಕು. ತುದಿಯ ಕ್ರಿಯಾಗುಂಪುಗಳ ಮಹತ್ವ ಈಗ ಹೆಚ್ಚಿರುವುದು ಈ ಕಾರಣಕ್ಕೆ.

ಎರಡೂ ತುದಿಗೆ ಹಿಡಿಕೆಯಿರುವ ಕಿರು ಸರಪಳಿಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋದರೆ ಉದ್ದನೆಯ ಸರಪಳಿಯಾಗುತ್ತದೆ. ನಡುನಡುವೆ ಎಸ್ಟರ್‌ನಂತಹ ಕೊಂಡಿಗಳು ವಿರಳವಾಗಿ ಇರುವುದರಿಂದ ವಸ್ತುವಿನ ಗುಣ ಪಾಲಿಥೀನ್‌ನದೇ. ಆದರೆ ಕೊಂಡಿಗಳನ್ನು ಮದ್ಯಸಾರದಲ್ಲಿ ಕಾಯಿಸಿ ಬಿಚ್ಚಬಹುದು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಸ್ಟೆಫಾನ್ ಮೆಕಿಂಗ್ ಅವರ ತಂಡ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಬಗೆಯದು. ಸಸ್ಯತೈಲದಿಂದ ಪಡೆದ, ಎರಡೂ ತುದಿಗೆ ಕ್ರಿಯಾಗುಂಪುಳ್ಳ 18 ಇಂಗಾಲದ ತುಂಡುಗಳನ್ನು ಜೋಡಿಸಿ ಪಾಲಿಥೀನ್‌ನಂತೆಯೇ ಗಟ್ಟಿಯಾದ ಪ್ಲಾಸ್ಟಿಕ್ ತಯಾರಿಸಿ, ಮತ್ತೆ ಅದನ್ನು ಸುಮಾರು 120 ಡಿಗ್ರಿ ಉಷ್ಣತೆಯಲ್ಲಿ ಬಿಚ್ಚಿ ಶೇ 96ಕ್ಕೂ ಹೆಚ್ಚು ಮೂಲವಸ್ತುವನ್ನು ಅವರು ಮರಳಿ ಪಡೆದರು. ಈಗಿರುವ ಮಾಮೂಲಿ ಪಾಲಿಥೀನನ್ನು ಎಥಿಲೀನ್ ಆಗಿ ಬಿಚ್ಚಲು 600 ಡಿಗ್ರಿಗಿಂತ ಹೆಚ್ಚು ಕಾಯಿಸಬೇಕು, ಆಗಲೂ ಸಿಗುವ ಪಾಲು ಅಲ್ಪ.

ಇದು ನಾಳೆಯೇ ಹಗರಿಬೊಮ್ಮನಹಳ್ಳಿಯ ಅಂಗಡಿಗೆ ಬರುತ್ತದೆಂದು ಯಾರೂ ಆಶಿಸಬೇಕಿಲ್ಲ. ಎಥಿಲೀನ್ ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾಗುವ, ಅಗ್ಗದ ರಾಸಾಯನಿಕಗಳಲ್ಲೊಂದು. ತುದಿಗೆ ಗುಂಪು ಜೋಡಿಸುವ ಪ್ರತಿ ಹೆಜ್ಜೆಯೂ ಬೆಲೆ ಏರಿಸುತ್ತದೆ. ಹೈಡ್ರಾಕ್ಸಿಲ್ ತುದಿಯುಳ್ಳ ಕಿರು ಪಾಲಿಥೀನ್ ಮೇಣ ಇಂದಿಗೂ ಮುದ್ರಣ ಶಾಯಿ, ಬಣ್ಣ, ಪಾಲಿಷ್‌ಗಳಂತಹ ದುಬಾರಿ ಸರಕುಗಳಲ್ಲಿ ಕೆಲಸ ಮಾಡುತ್ತಿದೆ, ಪೈಪಿನಲ್ಲಿ ಅಲ್ಲ. ಕೊಂಡಿಯಿರುವ ಪ್ಲಾಸ್ಟಿಕ್ ಹೊಲದ ನೀರು, ಗೊಬ್ಬರ, ಬಿಸಿಲುಗಳ ನಡುವೆ ವರ್ಷಾನುಗಟ್ಟಲೆ ಬಾಳಬಲ್ಲದೇ ಎಂಬುದೂ ಪರೀಕ್ಷೆಯಾಗಬೇಕಾದ ವಿಷಯ.

ಅಲ್ಲಿಯವರೆಗೆ ಈ ಐದು ತಾಲ್ಲೂಕುಗಳ ಹಳೆಯ ಲ್ಯಾಟರಲ್ ಪೈಪಿಗೆ ಗುಜರಿ ವ್ಯಾಪಾರಿಯೇ ಗತಿ. ದಪ್ಪವಿರುವುದರಿಂದ ಆತ ಅದನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಮಣ್ಣು ಮೆತ್ತಿದ, ಹರಿದ ಮಲ್ಚಿಂಗ್ ಶೀಟಿಗೆ ಮಾತ್ರ ಗಿರಾಕಿಯಿಲ್ಲ. ಅದು ಬದುವಿನ ಮೂಲೆಯಲ್ಲಿ ರಾಶಿ ಬಿದ್ದು, ಮುಂಗಾರಿನ ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತಿಗೆ ಬೆಂಕಿಗೆ ಬೀಳುತ್ತದೆ.